ಕ್ಯಾರೇ ಅನ್ನದವರ ಕನ್ನಡ

ಸುಮ್ಮನಿರುವುದನ್ನು ಹೇಳೋದಕ್ಕೆ ಕನ್ನಡದಲ್ಲಿ ಎರಡು ಥರದ ಮಾತುಗಳಿವೆ. ಬೈದರೂ ಹೊಡೆದರೂ ಎದುರಾಡದೆ ನಿಂತವನನ್ನು 'ತುಟಿ ಪಿಟಕ್ ಅನ್ನಲಿಲ್ಲ' ಅಂತೀವಿ, 'ಕಮಕ್ ಕಿಮಕ್ ಅನ್ನಲಿಲ್ಲ' ಅಂತೀವಿ. ಮನವಿ ಕೊಟ್ಟರೂ, ಕೂಗಿ ಕರೆದರೂ, ಬಾಗಿಲ ಮುಂದೆ ದಿನಗಟ್ಟಲೆ ಕೂತರೂ ತಿರುಗಿ ನೋಡದವನನ್ನು 'ಕ್ಯಾರೇ ಅನ್ನಲಿಲ್ಲ' ಅಂತೀವಿ. ಎರಡು ಕಡೆಯೂ ಬಾಯಿ ಮುಚ್ಚೇ ಇದೆ. ಆದರೆ ಮಾತುಗಳನ್ನು ಅದಲು ಬದಲು ಮಾಡಿ ನೋಡಿ. 'ಗೌಡರು ಬೈದರು, ಆಳು ಕ್ಯಾರೇ ಅನ್ನಲಿಲ್ಲ' ಅಂದರೆ ಆಳಿಗೆ ಸೊಕ್ಕು ಬಂದಿದೆ ಅಂತ ಅರ್ಥ. 'ಸಾಹೇಬರ ಮುಂದೆ ಕಷ್ಟ ಹೇಳಿಕೊಂಡೆವು, ಸಾಹೇಬರು ತುಟಿ ಪಿಟಕ್ ಅನ್ನಲಿಲ್ಲ' ಅಂದರೆ ಸಾಹೇಬರೇ ಏನೋ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಕೇಳಿಸುತ್ತದೆ. ಕೆಳಗಿದ್ದವನ ಮೌನಕ್ಕೆ ಒಂದು ಮಾತು, ಮೇಲಿದ್ದವನ ಮೌನಕ್ಕೆ ಇನ್ನೊಂದು. ಯಾವ ವ್ಯಾಕರಣದ ಪುಸ್ತಕವೂ ಇದನ್ನು ಹೇಳಿಕೊಡಲ್ಲ, ಆದರೂ ಯಾರೂ ತಪ್ಪಾಗಿ ಬಳಸಲ್ಲ.

ಈ ಎರಡನೆಯ ಮಾತನ್ನು, 'ಕ್ಯಾರೇ'ಯನ್ನು, ನಾವು ಇಲ್ಲಿ ಸ್ವಲ್ಪ ಹೊತ್ತು ಹಿಡಿದು ನಿಲ್ಲಿಸಿ ವಿಚಾರಿಸಬೇಕು ಅಂತಿದ್ದೇವೆ. ಬೀದಿಯ ಒಂದು ಹಗುರ ಮಾತಿಗೆ ಇಷ್ಟು ಪುಟ ಯಾಕೆ ಅಂತ ಹಿರಿಯರು ಕೇಳಬಹುದು. 'ರಸ', 'ಧ್ವನಿ', 'ಔಚಿತ್ಯ' ಅಂತ ಪುಟಗಟ್ಟಲೆ ಬರೆದ ವಿಮರ್ಶೆಯನ್ನು ಓದಿ ಪರೀಕ್ಷೆ ಪಾಸು ಮಾಡಿದವರು ನಾವು. ನಮ್ಮ ಅವ್ವ ಅಪ್ಪ ದಿನಕ್ಕೆ ನಾಲ್ಕು ಸಲ ಆಡುವ ಮಾತಿಗೂ ಒಂದಿಷ್ಟು ಪುಟ ಇರಲಿ.

ಬಸವನಗುಡಿ, ಮಲ್ಲೇಶ್ವರದ ಓದಿದವರ ನಡುವೆ ಒಂದು ವಿವರಣೆ ಓಡಾಡುತ್ತಿದೆ. ಇದು ಇಂಗ್ಲಿಷಿನ 'ಕೇರ್' ಅನ್ನೋದೇ ಕೆಟ್ಟು 'ಕ್ಯಾರೇ' ಆದದ್ದು, ಓದದ ಜನ ಹಾಗೆ ಎಳೆದು ಹೇಳಿದರು ಅನ್ನೋದು. ಕೇಳೋಕೆ ಸಲೀಸಾಗಿದೆ, ಆದರೆ ನಿಲ್ಲೋದಿಲ್ಲ. ಇಂಗ್ಲಿಷಿನಿಂದ ಬಂದ ಮಾತಿಗೆ ಕನ್ನಡಿಗರು 'ಮಾಡು' ಸೇರಿಸ್ತಾರೆ. ಫೋನ್ ಮಾಡು, ಟ್ರೈ ಮಾಡು, ಕೇರ್ ಮಾಡು. 'ಅನ್ನು' ಸೇರಿಸೋದು ಬಾಯಿಂದ ಹೊರಡುವ ಸದ್ದಿಗೆ, ಮಾತಿಗೆ. ಹ್ಞೂಂ ಅನ್ನು, ಛೀ ಅನ್ನು, ಅಯ್ಯೋ ಅನ್ನು. ನಾವು 'ಕೇರ್ ಮಾಡಲಿಲ್ಲ' ಅಂತೀವಿ, 'ಕ್ಯಾರೇ ಅನ್ನಲಿಲ್ಲ' ಅಂತೀವಿ. ಹಾಗಾದರೆ ಕ್ಯಾರೇ ಅನ್ನೋದು ಯಾರೋ ಯಾರಿಗೋ ಆಡಿದ ಮಾತು, ಆಡಬೇಕಾಗಿದ್ದ ಮಾತು. ಆಡಿದ ಭಾಷೆ ಯಾವುದು ಅನ್ನೋದಕ್ಕೆ ಲಂಡನ್ನಿನ ತನಕ ಹೋಗಬೇಕಾಗಿಲ್ಲ, ಚಾಮರಾಜಪೇಟೆಯಿಂದ ಕಲಾಸಿಪಾಳ್ಯ ದಾಟಿ ಸಿಟಿ ಮಾರ್ಕೆಟ್ಟಿನ ತನಕ ನಡೆದರೆ ಸಾಕು. ದಖ್ಖನಿಯ 'ಕ್ಯಾ ರೇ'. ಅಂದರೆ 'ಏನೋ', 'ಏನ್ಲಾ'.

ಈಗ ಎರಡೂ ಕಲೆಸಿಹೋಗಿವೆ, 'ಕ್ಯಾರೇ ಮಾಡಲ್ಲ' ಅನ್ನುವವರೂ ಸಿಗುತ್ತಾರೆ. ಅದು ಆಮೇಲಿನ ಕಥೆ.

ಮಾರ್ಕೆಟ್ಟಿನ ಆಸುಪಾಸಿನಲ್ಲಿ ದಖ್ಖನಿ ಆಡುವ ಮುಸ್ಲಿಮರೂ ಕನ್ನಡ, ತೆಲುಗು, ತಮಿಳು ಆಡುವ ದಲಿತರೂ ಒಂದೇ ಮೂಟೆಯ ಎರಡು ಕಡೆ ಹಿಡಿದವರು. ಗುಜರಿ, ಜಟಕಾ, ಹಮಾಲಿ, ತರಕಾರಿ ಮಂಡಿ, ಗ್ಯಾರೇಜು. ಅಲ್ಲಿ ಮಾತುಗಳು ಕೈಯಿಂದ ಕೈಗೆ ದಾಟಿದವು. ಅವನ 'ನಕ್ಕೋ' ಇವನಿಗೆ ಬಂತು, ಇವನ ಕನ್ನಡ ಅವನಿಗೆ ಹೋಯಿತು. ಟಿ.ಪಿ. ಕೈಲಾಸಂ ತಮ್ಮ ನಾಟಕಗಳಲ್ಲಿ ಇಂಗ್ಲಿಷ್ ಬೆರೆತ ಮನೆಮಾತನ್ನು ರಂಗಕ್ಕೆ ತಂದಾಗ ಅದನ್ನು ಬೆಂಗಳೂರಿನ ಕನ್ನಡ ಅಂತ ಎಲ್ಲರೂ ಮೆಚ್ಚಿ ನಕ್ಕರು. ಮೆಚ್ಚಲಿ, ಕೈಲಾಸಂ ದೊಡ್ಡವರೇ. ಆದರೆ ದಖ್ಖನಿ ಬೆರೆತ ಮೂಟೆ ಹೊರುವವರ ಕನ್ನಡವೂ ಇದೇ ಊರಿನದು. ಅದಕ್ಕೆ 'ಮಾರ್ಕೆಟ್ ಭಾಷೆ' ಅಂತ ಹೆಸರು ಬಿತ್ತು, ಮಕ್ಕಳ ಬಾಯಲ್ಲಿ ಬಂದರೆ ಏಟು ಬೀಳೋ ಭಾಷೆ.

ಹೀಗೆ ಏಟು ತಿಂದ ಮಾತು ಇವತ್ತು ದಿನಪತ್ರಿಕೆಗಳ ತಲೆಬರಹಕ್ಕೆ ಏರಿದೆ. 'ಕ್ಯಾರೇ ಎನ್ನದ ಅಧಿಕಾರಿಗಳು' ಅನ್ನೋದನ್ನು ಕನ್ನಡ ಓದುವವರು ಯಾರೂ ಮೊದಲ ಸಲ ನೋಡುತ್ತಿಲ್ಲ. 1994ರ ಅಕ್ಟೋಬರಿನಲ್ಲಿ ಬೆಂಗಳೂರು ದೂರದರ್ಶನದಲ್ಲಿ ಸಂಜೆ ಹತ್ತು ನಿಮಿಷ ಉರ್ದು ವಾರ್ತೆ ಶುರುವಾಯಿತು ಅಂತ ಈ ನಗರದಲ್ಲಿ ಗಲಭೆ ಎದ್ದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಬಹುಪಾಲು ಬಡ ಮುಸ್ಲಿಮರು. ಅವರ ಬಾಯಿಂದ ಬಂದ ಮಾತಿಲ್ಲದೆ ಅಧಿಕಾರಿಯ ಉದಾಸೀನವನ್ನು ಹೇಳಲು ಕನ್ನಡದ ಸುದ್ದಿಮನೆಗಳಿಗೆ ಇವತ್ತು ಕೈ ಓಡಲ್ಲ. ಹತ್ತು ನಿಮಿಷ ಕೊಡದವರು ಮಾತನ್ನು ಮಾತ್ರ ಯಾರನ್ನೂ ಕೇಳದೆ ಇಟ್ಟುಕೊಂಡರು.

ಇನ್ನು ಆ 'ರೇ'. ದಖ್ಖನಿಯಲ್ಲಿ ಮರ್ಯಾದೆ ಕೊಡೋದಕ್ಕೆ 'ಜೀ' ಇದೆ, 'ಕ್ಯಾ ಜೀ' ಅಂತ ಹಿರಿಯರನ್ನು, ಗುರುತಿಲ್ಲದವರನ್ನು ಮಾತಾಡಿಸ್ತಾರೆ. 'ರೇ' ಅನ್ನೋದು ಸಲಿಗೆಗೆ ಅಥವಾ ಸಸಾರಕ್ಕೆ. ಗೆಳೆಯ ಅಂದರೆ ಸಲಿಗೆ, ಸಾಹುಕಾರ ಅಂದರೆ ಸಸಾರ. ಕನ್ನಡದ 'ಏನ್ರೀ'ಯಲ್ಲಿರುವ 'ರೀ'ಗೂ ಇದಕ್ಕೂ ಕಿವಿಗೆ ಅಂತರ ಕೂದಲೆಳೆಯಷ್ಟು, ಅರ್ಥಕ್ಕೆ ಊರಿಗೂ ಕೇರಿಗೂ ಇರುವಷ್ಟು. ಕನ್ನಡ 'ಕ್ಯಾ ಜೀ'ಯನ್ನು ತೆಗೆದುಕೊಳ್ಳಲಿಲ್ಲ, 'ಕ್ಯಾ ರೇ'ಯನ್ನು ತೆಗೆದುಕೊಂಡಿತು. ಅದನ್ನೂ ಇಲ್ಲ ಅನ್ನೋದರ ಜೊತೆಗೆ ಮಾತ್ರ. 'ಅವರು ನನ್ನನ್ನು ಕ್ಯಾರೇ ಅಂದರು' ಅಂತ ಯಾರೂ ಹೇಳಲ್ಲ. ಅನ್ನಲಿಲ್ಲ, ಅನ್ನಲ್ಲ, ಅನ್ನದೆ, ಎನ್ನದ. ಇದು ಇರೋದು ಹೀಗೆ ಮಾತ್ರ.

ಅಂದರೆ ಈ ದೂರಿನ ಒಳಗೆ ಏನಿದೆ ನೋಡಿ. 'ನನ್ನನ್ನು ಬನ್ನಿ ಕೂತ್ಕೊಳ್ಳಿ ಅನ್ನಲಿಲ್ಲ' ಅನ್ನೋದಲ್ಲ. 'ಏನ್ಲಾ ಅಂತ ಕೂಡ ಕೇಳಲಿಲ್ಲ' ಅನ್ನೋದು. ಮನುಷ್ಯನಿಗೆ ಕೊಡಬಹುದಾದ ಅತಿ ಕಡಿಮೆ ಮಾತು, ಬೈಗುಳದ ಅಂಚಿನಲ್ಲಿರೋ ಮಾತು, ಅದೂ ದಕ್ಕಲಿಲ್ಲ ಅನ್ನೋದು. ನಮ್ಮ ಕೇರಿಗಳಲ್ಲಿ ಈ 'ರೇ'ಗೆ ಬರ ಇರಲಿಲ್ಲ. 'ಏನ್ಲಾ', 'ಬಾರ್ಲಾ', 'ಎತ್ಲಾ' ಕೇಳಿಸಿಕೊಂಡೇ ನಮ್ಮ ಅಜ್ಜಂದಿರು ಮುದುಕರಾದರು, ಎಂಬತ್ತು ವರ್ಷದವರಿಗೂ ಹತ್ತು ವರ್ಷದ ಧಣಿಯ ಮಗ ಹಾಗೇ ಕೂಗಿದ. ಕೆಲಸಕ್ಕೆ ಕರೆಯುವಾಗ ಏನ್ಲಾ ಇತ್ತು, ಕೂಲಿ ಕೇಳುವಾಗ ಕ್ಯಾರೇ ಕೂಡ ಇರಲಿಲ್ಲ. ಒಂದೇ ಬಾಯಿ ಬೆಳಿಗ್ಗೆ ಏಕವಚನದಲ್ಲಿ ಕೂಗಿ ಸಂಜೆ ಮೂಕವಾಗೋದು ಹೇಗೆ ಅನ್ನೋದನ್ನು ಕಂಡವರು 'ಉದಾಸೀನ' ಅನ್ನೋದನ್ನು ಒಂದು ಮನಸ್ಥಿತಿ ಅಂತ ನಂಬೋದು ಕಷ್ಟ.

ಸಂಸ್ಕೃತದಿಂದ ಬಂದ ಮಾತುಗಳು ಹಾಗೆ ನಂಬಿಸುತ್ತವೆ. ನಿರ್ಲಕ್ಷ್ಯ, ಅಲಕ್ಷ್ಯ, ಉಪೇಕ್ಷೆ. ಇವೆಲ್ಲ ಕಣ್ಣಿನ ಮಾತುಗಳು. ಲಕ್ಷ್ಯಕ್ಕೆ ಬರಲಿಲ್ಲ, ದೃಷ್ಟಿಗೆ ಬೀಳಲಿಲ್ಲ, ಬಿದ್ದಿದ್ದರೆ ನೋಡುತ್ತಿದ್ದರೇನೋ ಅನ್ನುವ ಹಾಗೆ. ಜನರ ಕನ್ನಡ ಅಷ್ಟು ಮೆತ್ತಗಿಲ್ಲ. ಕಿವಿ ಮೇಲೆ ಹಾಕ್ಕೊಳ್ಳಲಿಲ್ಲ ಅನ್ನುತ್ತೆ, ಮೂಸಿಯೂ ನೋಡಲಿಲ್ಲ ಅನ್ನುತ್ತೆ, ಕ್ಯಾರೇ ಅನ್ನಲಿಲ್ಲ ಅನ್ನುತ್ತೆ. ಕಿವಿ, ಮೂಗು, ಬಾಯಿ ಎಲ್ಲ ಇದ್ದವು, ಬೇಕೆಂದೇ ಮುಚ್ಚಿದ್ದರು ಅಂತ ಸಾಕ್ಷಿ ಹೇಳುತ್ತೆ. ಚರ್ಮ ಒಂದಕ್ಕೆ ಮಾತ್ರ ಇಂಥ ನುಡಿಗಟ್ಟು ಬೇಕಾಗಲಿಲ್ಲ, ಮುಟ್ಟದೆ ಇರೋದಕ್ಕೆ ಶಾಸ್ತ್ರವೇ ಇತ್ತು.

'ಸೊಪ್ಪು ಹಾಕಲಿಲ್ಲ' ಅನ್ನೋದೂ ಇದೇ ಗುಂಪಿನದು. ಅದು ಕೊಟ್ಟಿಗೆಯಿಂದ ಬಂದ ಮಾತು ಅಂತ ನಮಗೆ ತೋರುತ್ತದೆ, ಅರಚುವ ಆಡಿಗೆ ಒಂದು ಹಿಡಿ ಸೊಪ್ಪು ಹಾಕಿದರೆ ಸುಮ್ಮನಾಗುತ್ತದಲ್ಲ. ಮೇವು ಅಂದಕೂಡಲೇ ನಮಗೆ ಇನ್ನೊಂದು ಮೇವಿನ ನೆನಪು ಬರುತ್ತದೆ. 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಅಂದರು. ಅಲ್ಲಿಯ ತನಕ ದಲಿತರ ಹಸಿವಿಗೆ, ಹಾಸ್ಟೆಲ್ಲಿಗೆ, ಭೂಮಿಗೆ ಕ್ಯಾರೇ ಅನ್ನದಿದ್ದ ಕನ್ನಡದ ಮೇಲುಲೋಕ ಆ ಒಂದು ಮಾತಿಗೆ ಎದ್ದು ನಿಂತಿತು. ಪ್ರತಿಕೃತಿಗಳು ಉರಿದವು, ದಲಿತ ಹುಡುಗರಿಗೆ ಏಟು ಬಿತ್ತು, ಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಮೇಲಿನವರಿಗೆ ಕಿವಿ ಇತ್ತು ಅನ್ನೋದು ಅವತ್ತು ಇಡೀ ನಾಡಿಗೆ ಗೊತ್ತಾಯಿತು.

ಆರು ವರ್ಷಕ್ಕೆ ಮತ್ತೆ ಅದೇ. ಧರ್ಮಸ್ಥಳದಲ್ಲಿ 1979ರಲ್ಲಿ ನಡೆಯಬೇಕಿದ್ದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೊಡಿ ಅಂತ ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತನ್ನು ಕೇಳಲಾಯಿತು. ಪರಿಷತ್ತು ಒಪ್ಪಲಿಲ್ಲ. ಆ ವರ್ಷ ಮಾರ್ಚ್ 10 ಮತ್ತು 11ರಂದು ಬೆಂಗಳೂರಿನಲ್ಲೇ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು. ಇದನ್ನು 'ಅವರು ಕ್ಯಾರೇ ಅನ್ನಲಿಲ್ಲ, ಅದಕ್ಕೆ ನಾವು ಬೇರೆ ಮಾಡಿದೆವು' ಅಂತ ಹೇಳುವ ರೂಢಿಯಿದೆ. ನಮಗೆ ಆ ವಾಕ್ಯದ ಮೊದಲರ್ಧ ಸರಿ ಕಾಣುವುದಿಲ್ಲ. ಪರಿಷತ್ತು ಮನವಿಯನ್ನು ಓದಿತ್ತು, ಯೋಚಿಸಿತ್ತು, ಬೇಡ ಅಂದಿತ್ತು. ಅದು ನಿರಾಕರಣೆ. ನಿರಾಕರಣೆಗೆ ಜವಾಬ್ದಾರಿ ಇರುತ್ತದೆ, ಕ್ಯಾರೇ ಅನ್ನದಿರುವುದಕ್ಕೆ ಇರುವುದಿಲ್ಲ ಅನ್ನೋ ಭ್ರಮೆಯೇ ಆ ಮಾತಿನ ಅಪಾಯ.

ಉದಾಸೀನವನ್ನು ಸುಣ್ಣ ಗಾರೆಯಲ್ಲಿ ಕಟ್ಟಿಯೂ ಇಟ್ಟಿದ್ದಾರೆ. ಚಾಮರಾಜಪೇಟೆ 1892ರದು. ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು 1898ರಲ್ಲಿ ಪೇಟೆಗೆ ಪ್ಲೇಗು ಬಡಿದ ಮೇಲೆ. ಇಕ್ಕಟ್ಟಾದ ಹಳೆ ಪೇಟೆಯಿಂದ ಗಾಳಿ ಬೆಳಕಿನ ಕಡೆಗೆ ಜನ ಹೋಗಲಿ ಅಂತ ಅಗಲ ರಸ್ತೆ, ಸಾಲುಮರ, ಅಳತೆ ಮಾಡಿದ ನಿವೇಶನ. ನಿವೇಶನ ಹಂಚುವಾಗ ಜಾತಿ ನೋಡಿದರು. ಮನೆಗಳ ಬೆನ್ನಿಗೆ ಒಂದು ಸಣ್ಣ ಗಲ್ಲಿ ಬಿಟ್ಟರು, ಕನ್ಸರ್ವೆನ್ಸಿ ಲೇನ್ ಅಂತ. ಮುಂಬಾಗಿಲಿಗೆ ರಂಗೋಲಿ, ತುಳಸಿಕಟ್ಟೆ. ಹಿಂದಿನ ಗಲ್ಲಿಯಿಂದ ಕಕ್ಕಸಿನ ಬಕೆಟ್ಟು ಎತ್ತಲು ಬರುವ ನಮ್ಮ ಜನ. ಬೆಳಕು ಹರಿಯೋ ಮೊದಲು ಬಂದು ಹೋಗಬೇಕು. ಎದುರಾಬದುರಾ ಆದರೆ ತಾನೇ ಕ್ಯಾರೇ ಅನ್ನೋದೋ ಬಿಡೋದೋ ಪ್ರಶ್ನೆ? ಎದುರಾಗದ ಹಾಗೇ ನಕ್ಷೆ ಬರೆದರು. ಎರಡು ತಲೆಮಾರು ಒಂದೇ ಮನೆಯ ಹಿಂದೆ ಕೆಲಸ ಮಾಡಿದವರ ಹೆಸರು ಆ ಮನೆಯವರಿಗೆ ಗೊತ್ತಿಲ್ಲದಿರುವುದು ಹೀಗೆ ಸಾಧ್ಯವಾಯಿತು. ತಲೆ ಮೇಲೆ ಮಲ ಹೊರಿಸುವುದನ್ನು ಈ ರಾಜ್ಯದಲ್ಲಿ ನಿಲ್ಲಿಸಲು ಹೊರಟವರು 1970ರ ದಶಕದಲ್ಲಿ ಅದೇ ಬಸವಲಿಂಗಪ್ಪನವರು, ದೇವರಾಜ ಅರಸರ ಸಂಪುಟದಲ್ಲಿದ್ದಾಗ. ಬೂಸಾ ಅಂದದ್ದಕ್ಕೆ ಬೀದಿಗಿಳಿದವರು ಈ ಕೆಲಸಕ್ಕೆ ಮೆರವಣಿಗೆ ತೆಗೆದದ್ದು ನಾವು ಎಲ್ಲೂ ಓದಿಲ್ಲ. ಈಗ ಆ ಗಲ್ಲಿಗಳನ್ನು ಎಷ್ಟೋ ಕಡೆ ಅಕ್ಕಪಕ್ಕದ ಮನೆಯವರೇ ಒತ್ತಿಕೊಂಡಿದ್ದಾರೆ, ಕೆಲವು ಉಳಿದಿವೆ. ಗಾಂಧಿಬಜಾರಿನಲ್ಲಿ ಕಾಫಿ ಕುಡಿದು ಹಳೆ ಬೆಂಗಳೂರಿನ ಸೊಬಗಿನ ಬಗ್ಗೆ ಪುಸ್ತಕ ಬರೆಯುವ ಹಿರಿಯರು ಒಂದು ಸಲ ಆ ಗಲ್ಲಿಗಳಲ್ಲೂ ನಡೆಯಲಿ.

ಪ್ಲೇಗಿನ ಮಾತು ಬಂದದ್ದರಿಂದ 'ಸಂಸ್ಕಾರ'ಕ್ಕೆ ಬರೋಣ. ಯು.ಆರ್. ಅನಂತಮೂರ್ತಿಯವರ ಆ ಕಾದಂಬರಿ ಬಂದದ್ದು 1965ರಲ್ಲಿ. ಅದರ ನಾರಣಪ್ಪ ಕನ್ನಡದ ಓದುಗರು ಮೆಚ್ಚಿದ ದೊಡ್ಡ 'ಕ್ಯಾರೇ ಅನ್ನದವನು'. ಅಗ್ರಹಾರದ ಮಡಿಗೆ, ಮಠದ ಗುರುಗಳಿಗೆ, ಯಾರಿಗೂ ಸೊಪ್ಪು ಹಾಕದೆ ಬದುಕಿ ಪ್ಲೇಗಿನಲ್ಲಿ ಸಾಯುತ್ತಾನೆ. ಅವನ ಹೆಣ ಯಾರು ಸುಡಬೇಕು ಅನ್ನೋ ಪ್ರಶ್ನೆಗೆ ಇಡೀ ಅಗ್ರಹಾರ ಉಪವಾಸ ಕೂರುತ್ತದೆ, ಪ್ರಾಣೇಶಾಚಾರ್ಯರು ಗ್ರಂಥ ತಿರುವುತ್ತಾರೆ, ದೇವರನ್ನು ಕೇಳುತ್ತಾರೆ. ಕೊನೆಗೆ ಚಂದ್ರಿ ಕತ್ತಲಲ್ಲಿ ಹೋಗಿ ಅಹಮದ್ ಬ್ಯಾರಿಯನ್ನು ಕರೆತರುತ್ತಾಳೆ, ಮೀನು ಮಾರುವ ಆ ಮುಸಲ್ಮಾನ ಹೆಣ ಸುಟ್ಟು ಹೋಗುತ್ತಾನೆ. ಅವನು ಚಂದ್ರಿಯ ಮಾತಿಗೆ ಓಗೊಟ್ಟ, ಅಷ್ಟೆ. ಅದೇ ಕಾದಂಬರಿಯ ಅಂಚಿನಲ್ಲಿ ಇನ್ನೊಂದು ಸಾವು ಇದೆ. ಹೊಲೆಗೇರಿಯ ಬೆಳ್ಳಿಯ ಅಪ್ಪ ಅವ್ವ ಅದೇ ಪ್ಲೇಗಿಗೆ ಸಾಯುತ್ತಾರೆ, ಗುಡಿಸಲಿಗೆ ಬೆಂಕಿ ಇಟ್ಟು ಅದರ ಜೊತೆಗೇ ಅವರನ್ನು ಸುಡುತ್ತಾರೆ. ಅವರಿಗಾಗಿ ಯಾವ ಗ್ರಂಥವೂ ತೆರೆಯುವುದಿಲ್ಲ.

ಕಾದಂಬರಿಕಾರರು ಇದನ್ನು ಕಾಣಲಿಲ್ಲ ಅಂತ ನಾವು ಹೇಳುತ್ತಿಲ್ಲ, ಕಂಡಿದ್ದಾರೆ, ಆ ಬೆಂಕಿಯನ್ನು ಬರೆದದ್ದೂ ಅವರೇ. ಕಾಣದೆ ಹೋದದ್ದು ವಿಮರ್ಶೆ. ನಾರಣಪ್ಪನ ದಿಕ್ಕಾರದ ಬಗ್ಗೆ, ಆಚಾರ್ಯರ ದ್ವಂದ್ವದ ಬಗ್ಗೆ ಬಂದಿರುವ ಬರಹಗಳ ರಾಶಿಯಲ್ಲಿ ಆ ಗುಡಿಸಲಿನ ಬೆಂಕಿಗೆ ಎಷ್ಟು ಸಾಲು ಸಿಕ್ಕಿವೆ, ಎಂ.ಎ. ಓದುವ ಗೆಳೆಯರು ಎಣಿಸಿ ನೋಡಲಿ. ನವ್ಯರ ಮೇಷ್ಟ್ರುಗಳು ನಮಗೆ ಕಾಮೂನ 1942ರ ಕಾದಂಬರಿಯನ್ನೂ ಹೇಳಿಕೊಟ್ಟರು, ತಾಯಿ ಸತ್ತರೂ ಅಳದ, ಯಾವುದಕ್ಕೂ ಕ್ಯಾರೇ ಅನ್ನದ ನಾಯಕ, ಅವನ ಅನ್ಯಪ್ರಜ್ಞೆ ಅಂತ. ಅವನು ಸಮುದ್ರದ ದಂಡೆಯಲ್ಲಿ ಗುಂಡಿಟ್ಟು ಕೊಂದ ಅರಬನಿಗೆ ಪುಸ್ತಕದುದ್ದಕ್ಕೂ ಒಂದು ಹೆಸರಿಲ್ಲ ಅನ್ನೋದನ್ನು ತರಗತಿಯಲ್ಲಿ ಯಾರೂ ಎತ್ತಲಿಲ್ಲ. 2013ರಲ್ಲಿ ಅಲ್ಜೀರಿಯಾದ ಕಮೆಲ್ ದಾವೂದ್ ಆ ಸತ್ತವನಿಗೆ ಒಬ್ಬ ತಮ್ಮನನ್ನು, ಮೂಸಾ ಅನ್ನೋ ಒಂದು ಹೆಸರನ್ನು ಕೊಟ್ಟು ಇನ್ನೊಂದು ಕಾದಂಬರಿ ಬರೆದ. ಬೆಳ್ಳಿಯ ಕಡೆಯಿಂದ 'ಸಂಸ್ಕಾರ'ವನ್ನು ಬರೆಯುವವರು ನಮ್ಮಲ್ಲಿ ಬರಲಿ ಅಂತ ಆಸೆ.

ಸಾಹಿತ್ಯ ಬಿಟ್ಟು ಮತ್ತೆ ತಲೆಬರಹಕ್ಕೆ ಬರಬೇಕು, ಯಾಕೆಂದರೆ ಅಲ್ಲಿ ಜೀವದ ಪ್ರಶ್ನೆ ಇದೆ. ಕುಡಿಯುವ ನೀರಿಲ್ಲ, ಸ್ಮಶಾನಕ್ಕೆ ದಾರಿ ಬಿಡುತ್ತಿಲ್ಲ, ಹೋಟೆಲ್ಲಿನಲ್ಲಿ ಬೇರೆ ಲೋಟ ಇಟ್ಟಿದ್ದಾರೆ ಅಂತ ಕೇರಿಯವರು ದೂರು ಕೊಡ್ತಾರೆ. ಪೇಪರಿನಲ್ಲಿ 'ಕ್ಯಾರೇ ಎನ್ನದ ಅಧಿಕಾರಿಗಳು' ಅಂತ ಬರುತ್ತೆ. ಓದಿದವರು ತ್ಚ್ ಅಂತಾರೆ, ಪುಟ ತಿರುವುತ್ತಾರೆ. ಇಲ್ಲಿ ಏನಾಯಿತು? ಒಂದು ಅಪರಾಧ ಒಂದು ಗುಣವಾಯಿತು. ಅಧಿಕಾರಿಗೆ ಸ್ವಲ್ಪ ಉಡಾಫೆ, ಸ್ವಲ್ಪ ಸೋಮಾರಿತನ, ಇನ್ನೂ ಸ್ವಲ್ಪ ಹೇಳಿದರೆ ಸರಿಹೋಗ್ತಾನೆ ಅನ್ನೋ ಭಾವನೆ ಬಂತು.

ಕಾನೂನು ಹಾಗೆ ಹೇಳುವುದಿಲ್ಲ. 1989ರ ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ 4ನೇ ಕಲಮನ್ನು ಹಳ್ಳಿಯ ಮೇಷ್ಟ್ರುಗಳು ದಯವಿಟ್ಟು ಒಂದು ಸಲ ಓದಿ ಹೇಳಬೇಕು. ಪರಿಶಿಷ್ಟರಲ್ಲದ ಸರ್ಕಾರಿ ನೌಕರ ಈ ಕಾಯ್ದೆಯಡಿ ತಾನು ಮಾಡಬೇಕಾದ ಕರ್ತವ್ಯವನ್ನು ಬೇಕೆಂದೇ ಮಾಡದೆ ಬಿಟ್ಟರೆ ಕನಿಷ್ಠ ಆರು ತಿಂಗಳು, ಹೆಚ್ಚೆಂದರೆ ಒಂದು ವರ್ಷ ಜೈಲು. 2015ರ ತಿದ್ದುಪಡಿ ಆ ಕರ್ತವ್ಯಗಳು ಯಾವುವು ಅಂತಲೂ ಬರೆಯಿತು, 2016ರ ಜನವರಿ 26ರಿಂದ ಅದು ಜಾರಿಯಲ್ಲಿದೆ. ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡು, ಸಹಿ ಹಾಕಿಸುವ ಮೊದಲು ಓದಿ ಹೇಳಬೇಕು. ಎಫ್ಐಆರ್ ದಾಖಲಿಸಬೇಕು. ಅದರ ಪ್ರತಿಯನ್ನು ದೂರು ಕೊಟ್ಟವರಿಗೆ ಕೊಡಬೇಕು. ಅರವತ್ತು ದಿನದೊಳಗೆ ತನಿಖೆ ಮುಗಿಸಿ ದೋಷಾರೋಪ ಪಟ್ಟಿ ಹಾಕಬೇಕು. ಅಕ್ಷರ ಬಾರದ ಅವ್ವ ಠಾಣೆಗೆ ಹೋದರೆ ಅವಳ ಮಾತನ್ನು ಅವಳಿಗೇ ಓದಿ ಹೇಳಬೇಕು ಅಂತ ಕಾನೂನು ಹೇಳುತ್ತಿದೆ. ಓದಿ ಹೇಳದಿದ್ದರೆ ಅದು ಅಪರಾಧ, ಕ್ಯಾರೇ ಅನ್ನದಿರುವುದಲ್ಲ. ಇದರಲ್ಲೂ ಒಂದು ಕೊಕ್ಕೆ ಇಟ್ಟಿದ್ದಾರೆ, ನೌಕರನ ಮೇಲೆ ಆರೋಪ ಹೊರಿಸಲು ಆಡಳಿತದ ವಿಚಾರಣೆಯೊಂದು ಶಿಫಾರಸು ಮಾಡಬೇಕು. ಆ ವಿಚಾರಣೆಗೆ ಕೂರುವವರು ಯಾವ ಕೇರಿಯವರಲ್ಲ ಅಂತ ಬೇರೆ ಹೇಳಬೇಕೆ.

2000ದ ಮಾರ್ಚ್ 11ರ ರಾತ್ರಿ, ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. 2006ರಲ್ಲಿ ಎಲ್ಲ ಆರೋಪಿಗಳೂ ಬಿಡುಗಡೆಯಾದರು, ಸಾಕ್ಷಿಗಳು ತಿರುಗಿ ಬಿದ್ದಿದ್ದರು. 2014ರಲ್ಲಿ ಹೈಕೋರ್ಟು ಆ ತೀರ್ಪನ್ನೇ ಎತ್ತಿಹಿಡಿಯಿತು. ಈ ಲೇಖನದ ಮೊದಲಲ್ಲಿ ಹೇಳಿದ ಎರಡು ಮೌನಗಳನ್ನು ಇಲ್ಲಿ ಒಟ್ಟಿಗೆ ನೋಡಬಹುದು. ಕಣ್ಣಾರೆ ಕಂಡವರು ಕೋರ್ಟಿನಲ್ಲಿ ಯಾಕೆ ತುಟಿ ಪಿಟಕ್ ಅನ್ನಲಿಲ್ಲ ಅಂತ ಕೇಳುವವರು ಬಹಳ ಜನ. ಅದೇ ಊರಿನಲ್ಲಿ, ಅದೇ ಜನರ ನಡುವೆ ಬದುಕಬೇಕಾದ ಅವರನ್ನು ಆರು ವರ್ಷ ಯಾರು ಕಾಯಬೇಕಿತ್ತು, ಕಾಯಬೇಕಾದವರು ಏನು ಮಾಡುತ್ತಿದ್ದರು ಅಂತ ಕೇಳುವವರು ಕಡಿಮೆ. ಮೊದಲ ಮೌನ ಎರಡನೆಯದರ ಹೊಟ್ಟೆಯಲ್ಲಿ ಹುಟ್ಟಿದ್ದು.

ಈಗ ನಮ್ಮವರ ಕಡೆಗೆ. ಈ ಮಾತಿಗೆ ಇನ್ನೊಂದು ಮುಖ ಇದೆ, ಅದು ಹುಡುಗರಿಗೆ ಪ್ರಿಯವಾದದ್ದು. 'ನಾನು ಯಾವನಿಗೂ 'ಕ್ಯಾರೇ' ಅನ್ನಲ್ಲ.' ಸಿನಿಮಾದ ನಾಯಕ ಕಾಲರ್ ಎತ್ತಿ ಇದನ್ನು ಹೇಳಿದರೆ ಶಿಳ್ಳೆ ಬೀಳುತ್ತೆ. ಮಲ್ಲೇಶ್ವರದ ಎಂಜಿನಿಯರ್ ಮಗ 'ಡೋಂಟ್ ಕೇರ್' ಅಂದರೆ ಅದಕ್ಕೆ ಸ್ಟೈಲು ಅಂತ ಹೆಸರು. ಕೇರಿಯ ಹುಡುಗ ಬೈಕಿನ ಮೇಲೆ ಊರಿನ ಮುಖ್ಯ ಬೀದಿಯಲ್ಲಿ ಹೋಗಿ ಹಾಗೆ ಅಂದರೆ ಬೈಕನ್ನು ಸುಡುತ್ತಾರೆ, ಮೀಸೆ ಬಿಟ್ಟದ್ದಕ್ಕೆ ಹೊಡೆಯುತ್ತಾರೆ. ಉದಾಸೀನ ಅನ್ನೋದು ಎಲ್ಲರಿಗೂ ಒಂದೇ ಬೆಲೆಗೆ ಸಿಗುವ ಸರಕಲ್ಲ. ಹಾಗಾಗಿ ನಮ್ಮ ಹುಡುಗರ ಬಾಯಲ್ಲಿ ಆ ಮಾತು ಬಂದರೆ ಅದನ್ನು ಪೋಲಿತನ ಅಂತ ತಳ್ಳಿಹಾಕಲು ನಾವು ತಯಾರಿಲ್ಲ.

ಆದರೆ ನಮ್ಮ ಪತ್ರಿಕೆಗಳಿಗೆ ಬರುವ ಕವಿತೆಗಳನ್ನು ಓದುವಾಗ ನಮಗೆ ಬೇಸರ ಆಗುತ್ತೆ. ಇವತ್ತಿಗೂ ಎಷ್ಟೋ ಕವಿತೆಗಳು ಧಣಿಯ ಮುಖ ನೋಡಿಕೊಂಡೇ ಶುರುವಾಗುತ್ತವೆ. ನಮ್ಮ ಗಾಯ ನೋಡಿ, ನಮ್ಮ ಬೆನ್ನು ನೋಡಿ, ಯಾಕೆ ನೋಡುತ್ತಿಲ್ಲ. ಬೈಗುಳ ಇರುತ್ತದೆ, ಬೆಂಕಿ ಇರುತ್ತದೆ, ಆದರೂ ಒಳಗೆ ಒಂದೇ ಬೇಡಿಕೆ, ಒಂದು ಸಲ ಕ್ಯಾರೇ ಅನ್ನಿ. ಸಿದ್ಧಲಿಂಗಯ್ಯನವರು 1975ರಲ್ಲಿ 'ಹೊಲೆಮಾದಿಗರ ಹಾಡು' ತಂದಾಗ ಕೂಗಬೇಕಾದ ಕಾಲ ಅದು, ಕೂಗಿದರು. ಅವರೇ ಮುಂದೆ 'ಊರು ಕೇರಿ' ಬರೆದಾಗ ದನಿ ಬೇರೆಯಾಯಿತು. ಎತ್ತುಗಳ ಬದಲು ನೊಗಕ್ಕೆ ಹೆಗಲು ಕೊಟ್ಟು ಹೊಲ ಉಳುತ್ತಿದ್ದ ಇಬ್ಬರಲ್ಲಿ ಒಬ್ಬ ತನ್ನ ಅಪ್ಪ ಅನ್ನೋದನ್ನು ಅವರು ಎದೆ ಬಡಿದುಕೊಳ್ಳದೆ ಹೇಳುತ್ತಾರೆ. ಮಲ್ಲೇಶ್ವರದ ಪಕ್ಕದ ಶ್ರೀರಾಮಪುರದ ಕೇರಿ, ಹಾಸ್ಟೆಲ್ಲು, ಹಸಿವು, ಎಲ್ಲವನ್ನೂ ನಗಿಸುತ್ತಾ ಹೇಳುತ್ತಾರೆ. ಕೆಲವು ಗೆಳೆಯರಿಗೆ ಆ ನಗು ರಾಜಿಯಾಗಿ ಕಂಡಿತು. ನಮಗೆ ಹಾಗೆ ಕಾಣುವುದಿಲ್ಲ. ಮೇಲಿನವರು ನೋಡಲಿ ಬಿಡಲಿ ಅನ್ನೋದನ್ನು ಬಿಟ್ಟು, ತನ್ನವರ ಜೊತೆ ಕೂತು ತನ್ನವರಿಗೆ ಹೇಳುವ ದನಿ ಅದು. ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಸಾಕವ್ವನ ಮನೆಯವರು ಎತ್ತಪ್ಪನ ಕಡಲೆಕಾಯಿಯನ್ನು ರಾತ್ರಿಯಿಡೀ ಸುತ್ತ ಕೂತು ತಿನ್ನುತ್ತಾರಲ್ಲ, ಬೆಳಿಗ್ಗೆ ಪೊಲೀಸರು ಬರುವಷ್ಟರಲ್ಲಿ ಸಿಪ್ಪೆ ಕೂಡ ಇಲ್ಲದ ಹಾಗೆ. ಆ ರಾತ್ರಿಯ ಸಂಭ್ರಮಕ್ಕೆ ಯಾವ ಧಣಿಯ ಕಣ್ಣೂ ಬೇಕಾಗಿಲ್ಲ.

ಬಾಬಾಸಾಹೇಬರು ಈ ವಿಷಯವನ್ನು ಎರಡು ಕಡೆ ಎರಡು ಥರ ಹಿಡಿದಿದ್ದಾರೆ. 1936ರ 'ಜಾತಿ ವಿನಾಶ'ದಲ್ಲಿ ಉದಾಸೀನವನ್ನು ಒಂದು ಜನಾಂಗಕ್ಕೆ ತಗಲಬಹುದಾದ ಅತ್ಯಂತ ಕೆಟ್ಟ ರೋಗ ಅಂದರು, ಅದಕ್ಕೆ ಕಾರಣ ಜಾತಿ ಅಂದರು. ಪಕ್ಕದವನ ಮನೆ ಉರಿದರೆ ಅವನು ನನ್ನ ಜಾತಿಯಲ್ಲ ಅನ್ನೋದರಿಂದ ಅದು ಹುಟ್ಟುತ್ತದೆ. ಅವರು ತೀರಿಕೊಂಡ ಮೇಲೆ 1957ರಲ್ಲಿ ಬಂದ 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಉಪೇಕ್ಖಾದ ಮಾತು ಬರುತ್ತದೆ. ನಮ್ಮ ಕನ್ನಡ 'ಉಪೇಕ್ಷೆ' ಅಂತ ಕೆಡಿಸಿ ಇಟ್ಟುಕೊಂಡ ಅದೇ ಮಾತು. ಇದು ಉದಾಸೀನ ಅಲ್ಲ ಅಂತ ಅವರು ಬಿಡಿಸಿ ಹೇಳುತ್ತಾರೆ. ಫಲ ಸಿಕ್ಕಿತೋ ಇಲ್ಲವೋ ಅಂತ ಅಲುಗಾಡದೆ, ಹಿಡಿದ ಕೆಲಸ ಬಿಡದೆ ಇರೋದು. ಠಾಣೆಗೆ ಹನ್ನೊಂದನೆಯ ಸಲ ಹೋಗುವ ಹೆಣ್ಣುಮಗಳಲ್ಲಿ ಅದನ್ನು ನಾವು ನೋಡಿದ್ದೇವೆ. ಸಾಹೇಬರು ಕ್ಯಾರೇ ಅಂದರೂ ಅನ್ನದಿದ್ದರೂ ಅವಳಿಗೆ ಒಂದೇ. ಅವಳು ಬಂದಿರುವುದು ಅವರ ಮಾತು ಕೇಳಲು ಅಲ್ಲ, ಎಫ್ಐಆರ್ ಪ್ರತಿ ಇಸಕೊಳ್ಳಲು.

ಆದ್ದರಿಂದ ಗೆಳೆಯರಲ್ಲಿ, ಅದರಲ್ಲೂ ಊರಿನವರಿಗೆ ಅರ್ಜಿ ಬರೆದುಕೊಡುವ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಬೀದಿಯಲ್ಲಿ, ಹಾಡಿನಲ್ಲಿ, ಬೈಗುಳದಲ್ಲಿ ಈ ಮಾತು ಇರಲಿ, ಅದು ನಮ್ಮದೇ. ಅರ್ಜಿಯಲ್ಲಿ, ಪತ್ರಿಕಾ ಹೇಳಿಕೆಯಲ್ಲಿ ಮಾತ್ರ 'ಎಷ್ಟು ಬಾರಿ ಮನವಿ ಮಾಡಿದರೂ ಕ್ಯಾರೇ ಅನ್ನಲಿಲ್ಲ' ಅಂತ ಬರೆಯಬೇಡಿ. ಇಂಥ ತಾರೀಖು, ಇಷ್ಟು ಗಂಟೆಗೆ, ಇಂಥ ಹುದ್ದೆಯವರ ಕೈಗೆ ಕೊಟ್ಟೆವು, ಮೊಹರು ಹಾಕಿದ ಪ್ರತಿ ನಮ್ಮ ಹತ್ತಿರ ಇದೆ, ಇವತ್ತಿಗೆ ಇಷ್ಟು ದಿನ ಆಯಿತು, 4ನೇ ಕಲಂ ಪ್ರಕಾರ ಇವರ ಮೇಲೆ ವಿಚಾರಣೆ ಆಗಬೇಕು. ಹೀಗೆ ಬರೆದು, ಕೆಳಗೆ ಎಲ್ಲರ ಸಹಿ, ಹೆಬ್ಬೆಟ್ಟು ಹಾಕಿಸಿ. ಮೊಹರು ಹಾಕೋದಿಲ್ಲ ಅಂದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.